ಎನ್‌ಲಾರ್ಜರ್ ಲೆನ್ಸ್: ಕಂಪನಿ ಹೆಸರಿಗಿಂತ ಮೊದಲು ನೋಡಬೇಕಾದ್ದು

ಸಂಪಾದಕರಿಗೆ,

ಮಾನ್ಯರೇ,

ಡಾರ್ಕ್‌ರೂಂನಲ್ಲಿ ಫೋಟೊ ಪ್ರಿಂಟ್ ಮಾಡಲು ಹೊರಟವರಿಗಾಗಿ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಉಪಯುಕ್ತವಾಗಿತ್ತು. ಡೆವಲಪರ್, ಫಿಕ್ಸರ್, ಪೇಪರ್ ಬಗ್ಗೆ ಬಿಡಿಸಿ ಬಿಡಿಸಿ ಬರೆದ ಲೇಖಕರು ಎನ್‌ಲಾರ್ಜರ್ (ನೆಗೆಟಿವ್‌ನ ಚಿತ್ರವನ್ನು ಹಿಗ್ಗಿಸಿ ಪೇಪರಿನ ಮೇಲೆ ಬೀಳಿಸುವ ಯಂತ್ರ) ಲೆನ್ಸ್ ವಿಷಯವನ್ನು ಮಾತ್ರ ‘ಒಳ್ಳೆಯ ಕಂಪನಿಯ 50 ಮಿ.ಮೀ. ಲೆನ್ಸ್ ಇದ್ದರೆ ಸಾಕು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ನನ್ನ ತಕರಾರು ಆ ಸಾಲಿನ ಬಗ್ಗೆ. ನೆಗೆಟಿವ್‌ನಲ್ಲಿ ಏನೇನಿದೆಯೋ ಅದೆಲ್ಲ ಪೇಪರಿಗೆ ಇಳಿಯುವುದು ಈ ಒಂದು ಲೆನ್ಸ್ ಮೂಲಕವೇ. ಕ್ಯಾಮೆರಾಗೆ ಎಷ್ಟು ದುಬಾರಿ ಲೆನ್ಸ್ ಹಾಕಿ ತೆಗೆದಿದ್ದರೂ ಇಲ್ಲಿ ಕಳೆದುಕೊಂಡದ್ದು ಪ್ರಿಂಟಿನಲ್ಲಿ ಸಿಗುವುದಿಲ್ಲ. ಈಗ ಕೈಗೆ ಸಿಗುವ ಎನ್‌ಲಾರ್ಜರ್ ಲೆನ್ಸ್‌ಗಳಲ್ಲಿ ಹೆಚ್ಚಿನವು ಹಳೆಯವು, ಮತ್ತೊಬ್ಬರು ಬಳಸಿದವು. ಹಾಗಾಗಿ ಕೊಳ್ಳುವ ಮುಂಚೆ ನೆಗೆಟಿವ್‌ನ ಅಳತೆಗೆ ಫೋಕಲ್ ಲೆಂತ್ (ಲೆನ್ಸ್ ಮೇಲೆ ಮಿ.ಮೀ.ನಲ್ಲಿ ಬರೆದಿರುವ ನಾಭಿದೂರ) ಹೊಂದುತ್ತದೆಯೇ, ಒಳಗೆ ಎಷ್ಟು ಗಾಜುಗಳಿವೆ, ಕೈಯಲ್ಲಿರುವ ಆ ಲೆನ್ಸ್‌ನ ಸ್ಥಿತಿ ಹೇಗಿದೆ ಎಂದು ಇದೇ ಕ್ರಮದಲ್ಲಿ ನೋಡಬೇಕು. ಕಂಪನಿಯ ಹೆಸರು ಬರುವುದು ಇವೆಲ್ಲದರ ನಂತರ.

ಫೋಕಲ್ ಲೆಂತ್ ವಿಷಯ ಸರಳ. ನೆಗೆಟಿವ್‌ನ ಕರ್ಣದ ಉದ್ದ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಫೋಕಲ್ ಲೆಂತ್ ಇರಬೇಕು. 35 ಮಿ.ಮೀ. ಫಿಲ್ಮಿನ 24×36 ಚೌಕಟ್ಟಿನ ಕರ್ಣ 43 ಮಿ.ಮೀ.; ಅದಕ್ಕೆ 50 ಮಿ.ಮೀ. ಲೆನ್ಸ್. 6×6 ಸೆಂ.ಮೀ. ಎನ್ನುವ ನೆಗೆಟಿವ್ ನಿಜವಾಗಿ 56×56 ಮಿ.ಮೀ. ಇರುತ್ತದೆ, ಕರ್ಣ 79. ಅದಕ್ಕೆ 75 ಅಥವಾ 80. 6×4.5ಕ್ಕೂ ಅದೇ 75 ಆಗುತ್ತದೆ. 6×7ಕ್ಕೆ 90, 6×9ಕ್ಕೆ 105, 4×5 ಇಂಚಿಗೆ 135 ಅಥವಾ 150. ಎರಡು ಅಳತೆಯ ಫಿಲ್ಮ್ ಬಳಸುವವರಿಗೆ ಎರಡು ಲೆನ್ಸ್ ಬೇಕು; ಒಂದರಲ್ಲೇ ಎರಡನ್ನೂ ನಿಭಾಯಿಸುತ್ತೇನೆಂದು ಹೊರಟರೆ ಒಂದಲ್ಲ ಒಂದಕ್ಕೆ ತೊಡಕಾಗುತ್ತದೆ.

ಕಡಿಮೆ ಫೋಕಲ್ ಲೆಂತ್ ಹಾಕಿದರೆ ಏನಾಗುತ್ತದೆ? 6×6 ನೆಗೆಟಿವ್‌ಗೆ 50 ಮಿ.ಮೀ. ಲೆನ್ಸ್ ತಿರುಗಿಸಿದರೆ ಮೂಲೆಗಳಿಗೆ ಬೆಳಕು ತಲುಪುವುದಿಲ್ಲ. ನೆಗೆಟಿವ್‌ನಿಂದ ಪ್ರಿಂಟ್ ಮಾಡುವುದರಿಂದ ಬೆಳಕು ಕಮ್ಮಿಯಾದ ಕಡೆ ಪೇಪರ್ ಬಿಳಿಯಾಗೇ ಉಳಿಯುತ್ತದೆ. ಹಾಗಾಗಿ ಪ್ರಿಂಟಿನ ನಾಲ್ಕೂ ಮೂಲೆ ತೆಳ್ಳಗೆ, ಹರಿತವಿಲ್ಲದೆ ಬರುತ್ತವೆ. ಹೆಚ್ಚಿನ ಫೋಕಲ್ ಲೆಂತ್ ಹಾಕಿದರೆ ಈ ತೊಂದರೆ ಇಲ್ಲ. ಲೆನ್ಸ್ ತನ್ನ ನಡುಭಾಗವನ್ನಷ್ಟೇ ಬಳಸುವುದರಿಂದ ಮೂಲೆಗಳು ಇನ್ನೂ ಚೆನ್ನಾಗಿ ಬರಬಹುದು. ಅಡ್ಡಿಯಾಗುವುದು ಎತ್ತರ. ಫಿಲ್ಮಿನಿಂದ ಪೇಪರಿಗೆ ಇರುವ ದೂರವನ್ನು ಲೆಕ್ಕ ಹಾಕಲು ಒಂದು ಸೂತ್ರವಿದೆ: ಎಷ್ಟು ಪಟ್ಟು ಹಿಗ್ಗಿಸುತ್ತೇವೋ ಆ ಸಂಖ್ಯೆಗೆ 2 ಕೂಡಿಸಿ, ಒಂದನ್ನು ಆ ಪಟ್ಟಿನಿಂದ ಭಾಗಿಸಿ ಬಂದದ್ದನ್ನೂ ಕೂಡಿಸಿ, ಒಟ್ಟನ್ನು ಫೋಕಲ್ ಲೆಂತ್‌ನಿಂದ ಗುಣಿಸುವುದು. 35 ಮಿ.ಮೀ. ನೆಗೆಟಿವ್‌ನಿಂದ 8×10 ಇಂಚಿನ ಪ್ರಿಂಟಿಗೆ ಸುಮಾರು 8.5 ಪಟ್ಟು ಹಿಗ್ಗಿಸಬೇಕು. 50 ಮಿ.ಮೀ. ಲೆನ್ಸ್‌ಗೆ ದೂರ 531 ಮಿ.ಮೀ. ಬರುತ್ತದೆ, 80 ಮಿ.ಮೀ. ಲೆನ್ಸ್‌ಗೆ 849. 12×16 ಇಂಚಿಗೆ ಹೋದರೆ 50ಕ್ಕೆ 740 ಆಸುಪಾಸು, 80ಕ್ಕೆ ಹತ್ತಿರಹತ್ತಿರ 1,180. ಸಾಮಾನ್ಯ ಎನ್‌ಲಾರ್ಜರಿನ ಕಂಬ ಅಷ್ಟು ಎತ್ತರ ಇರುವುದಿಲ್ಲ. ಲೆನ್ಸ್ ಕೊಳ್ಳುವ ಮೊದಲು ಎನ್‌ಲಾರ್ಜರಿನ ತಲೆಯನ್ನು (ದೀಪ, ನೆಗೆಟಿವ್, ಲೆನ್ಸ್ ಇರುವ ಭಾಗ) ಕಂಬದ ತುದಿಯವರೆಗೆ ಏರಿಸಿ, ನೆಗೆಟಿವ್ ಕೂರುವ ಜಾಗದಿಂದ ಕೆಳಗಿನ ಹಲಗೆಗೆ ಟೇಪ್ ಹಿಡಿದು ನೋಡಿ.

ಇಲ್ಲೇ ಇನ್ನೆರಡು ಅಳತೆ ತೆಗೆದುಕೊಳ್ಳುವುದು ಒಳ್ಳೆಯದು. ಒಂದು, ಲೆನ್ಸ್ ಕೂರಿಸುವ ತಟ್ಟೆಯ, ಅಂದರೆ ಲೆನ್ಸ್ ಬೋರ್ಡಿನ, ತೂತು. ಚಿಕ್ಕ ಲೆನ್ಸ್‌ಗಳಲ್ಲಿ ಹೆಚ್ಚಿನವಕ್ಕೆ 39 ಮಿ.ಮೀ. ತಿರುಪಿನ ಮರೆ (ಥ್ರೆಡ್) ಇರುತ್ತದೆ, ಲೈಕಾ ಕ್ಯಾಮೆರಾಗಳ ಹಳೆಯ ಮರೆ ಅದು. ಕೆಲವು ಹಳೆಯ ಜರ್ಮನ್ ಲೆನ್ಸ್‌ಗಳು 25 ಮಿ.ಮೀ.ನವು, ಅವಕ್ಕೆ ಅಡಾಪ್ಟರ್ ರಿಂಗ್ ಬೇಕು; 150 ಮಿ.ಮೀ. ಮುಂತಾದ ದೊಡ್ಡ ಲೆನ್ಸ್‌ಗಳ ಮರೆ 39ಕ್ಕಿಂತ ದೊಡ್ಡದಿರುತ್ತದೆ. ಎರಡು, ಬೆಲ್ಲೋಸ್ (ಫಿಲ್ಮಿಗೂ ಲೆನ್ಸಿಗೂ ನಡುವಿನ ಮಡಿಕೆಯ ಚೀಲ) ಎಷ್ಟು ಮಡಚುತ್ತದೆ ಎಂಬುದು. 8.5 ಪಟ್ಟು ಹಿಗ್ಗಿಸುವಾಗ 50 ಮಿ.ಮೀ. ಲೆನ್ಸ್ ಫಿಲ್ಮಿನಿಂದ ಬರೀ 56 ಮಿ.ಮೀ. ದೂರದಲ್ಲಿರಬೇಕು. ದೊಡ್ಡ ಎನ್‌ಲಾರ್ಜರುಗಳಲ್ಲಿ ಬೆಲ್ಲೋಸ್ ಅಷ್ಟು ಮಡಚದೆ ಫೋಕಸ್ಸೇ ಸಿಗುವುದಿಲ್ಲ. ಆಗ ಲೆನ್ಸನ್ನು ಒಳಕ್ಕೆ ತಗ್ಗಿಸಿ ಕೂರಿಸುವ ಗುಳಿ ಬೋರ್ಡ್ ಬೇಕಾಗುತ್ತದೆ. ಕಂಡೆನ್ಸರ್ (ದೀಪದ ಬೆಳಕನ್ನು ನೆಗೆಟಿವ್ ಮೇಲೆ ಒಟ್ಟುಗೂಡಿಸುವ ಗಾಜು) ಇರುವ ಎನ್‌ಲಾರ್ಜರಾದರೆ ಲೆನ್ಸ್ ಬದಲಾದಂತೆ ಕಂಡೆನ್ಸರನ್ನೂ ಬದಲಿಸಬೇಕು, ಇಲ್ಲವೇ ಅದರ ಎತ್ತರ ಸರಿಮಾಡಬೇಕು. ಇದನ್ನು ಮರೆತವರು ಮೂಲೆಗಳ ಬೆಳಕು ಕಮ್ಮಿಯಾದದ್ದಕ್ಕೆ ಲೆನ್ಸನ್ನು ದೂರುತ್ತಾರೆ.

ಇನ್ನು ಗಾಜುಗಳ ಸಂಖ್ಯೆ. ಎನ್‌ಲಾರ್ಜರ್ ಲೆನ್ಸ್‌ಗಳಲ್ಲಿ ಮೂರು ಗಾಜಿನವು, ನಾಲ್ಕು ಗಾಜಿನವು, ಆರು ಗಾಜಿನವು ಎಂದು ಮುಖ್ಯವಾಗಿ ಮೂರು ವರ್ಗ. ಒಂದೇ ಕಂಪನಿ ಮೂರನ್ನೂ ಮಾಡಿದೆ. ‘ಒಳ್ಳೆಯ ಕಂಪನಿ’ ಎಂಬ ಸಲಹೆ ಕೈಕೊಡುವುದು ಇಲ್ಲೇ. ಶ್ನೈಡರ್‌ನ ಕೊಂಪೊನಾರ್ ಮೂರು ಗಾಜಿನದು, ಕೊಂಪರಾನ್ ನಾಲ್ಕು, ಕೊಂಪೊನಾನ್ ಮತ್ತು ಕೊಂಪೊನಾನ್-ಎಸ್ ಆರು. ಕೊನೆಯ ಅಕ್ಷರ ಸರಿಯಾಗಿ ಓದದೆ ಕೊಂಡವರಿಗೆ ಬೇರೆಯದೇ ವಸ್ತು ಬಂದಿರುತ್ತದೆ. ರೋಡೆನ್‌ಸ್ಟಾಕ್‌ನಲ್ಲಿ ರೋಗೊನಾರ್ ಮೂರು, ರೋಗೊನಾರ್-ಎಸ್ ನಾಲ್ಕು, ರೋಡಗಾನ್ ಆರು. ನಿಕಾನ್ ಎಲ್ಲಕ್ಕೂ ಎಲ್-ನಿಕ್ಕೋರ್ ಎಂದೇ ಹೆಸರಿಟ್ಟಿದೆ. ಅಲ್ಲಿ ಅಪರ್ಚರ್ (ಬೆಳಕು ಬಿಡುವ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ನೋಡಿ ಗುರುತಿಸಬೇಕು: 50 ಮಿ.ಮೀ. ಎಫ್/4 ನಾಲ್ಕು ಗಾಜಿನದು, 50 ಮಿ.ಮೀ. ಎಫ್/2.8 ಆರು ಗಾಜಿನದು. ಮಧ್ಯಮ ಅಳತೆಗೆ ಬಂದರೆ ಲೆಕ್ಕ ತಿರುಗಾಮುರುಗಾ: 75 ಮಿ.ಮೀ. ಎಫ್/4 ನಾಲ್ಕು ಗಾಜಿನದು, ಎಫ್/5.6ರಿಂದ ಶುರುವಾಗುವ 80 ಮಿ.ಮೀ. ಲೆನ್ಸ್ ಆರು ಗಾಜಿನದು. ಅಪರ್ಚರ್ ದೊಡ್ಡದಿದ್ದರೆ ಲೆನ್ಸ್ ಉತ್ತಮ ಎಂದು ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದಕ್ಕೆ ಈ ಜೋಡಿಯೇ ಸಾಕ್ಷಿ.

ಮೂರು ಗಾಜಿನ ಲೆನ್ಸ್ ನಾಲ್ಕೈದು ಪಟ್ಟು ಹಿಗ್ಗಿಸುವವರೆಗೆ, ಅಪರ್ಚರ್ ಚೆನ್ನಾಗಿ ಕಿರಿದು ಮಾಡಿದರೆ, ಪರವಾಗಿಲ್ಲ. ಅದನ್ನು ಮೀರಿದರೆ ನಡುವೆ ಹರಿತ, ಅಂಚಿನಲ್ಲಿ ಮೆತ್ತಗೆ. ನಾಲ್ಕು ಗಾಜಿನ ಲೆನ್ಸನ್ನು ಕೀಳಾಗಿ ಕಾಣುವುದು ಸರಿಯಲ್ಲ. 5×7 ಇಂಚಿನ ಪ್ರಿಂಟನ್ನು ಎಫ್/8ರಲ್ಲಿ ಮಾಡಿದರೆ ಅದು ಯಾವುದರಿಂದ ಬಂತು ಎಂದು ಹೇಳುವುದು ಪಳಗಿದ ಕಣ್ಣಿಗೂ ಕಷ್ಟ. 8×10 ಮತ್ತು ಅದಕ್ಕಿಂತ ದೊಡ್ಡ ಪ್ರಿಂಟ್ ಮಾಡುವ ಉದ್ದೇಶವಿದ್ದರೆ ಮಾತ್ರ ಆರು ಗಾಜಿನದಕ್ಕೇ ಹೋಗಬೇಕು. ಮೂಲೆಯ ಗ್ರೇನ್ (ಫಿಲ್ಮಿನ ಕಣ) ನಡುವಿನ ಗ್ರೇನ್‌ನಷ್ಟೇ ಚೂಪಾಗಿ ಬರುವುದು ಅದರಲ್ಲೇ. ಒಳ್ಳೆಯ ಸ್ಥಿತಿಯ ಎಲ್-ನಿಕ್ಕೋರ್ ಎಫ್/2.8, ರೋಡಗಾನ್, ಕೊಂಪೊನಾನ್-ಎಸ್ ಈ ಮೂರರ ನಡುವೆ ಹುಡುಕಿ ತೆಗೆದರೆ ಸಿಗುವಷ್ಟೇ ವ್ಯತ್ಯಾಸ ಇರುತ್ತದೆ. ಅವುಗಳಲ್ಲಿ ಯಾವುದು ಶುಭ್ರವಾಗಿ ಸಿಗುತ್ತದೋ ಅದನ್ನು ತೆಗೆದುಕೊಳ್ಳಿ. ಅಪೊ ಲೆನ್ಸ್‌ಗಳು (ಬೇರೆ ಬೇರೆ ಬಣ್ಣದ ಬೆಳಕನ್ನೂ ಒಂದೇ ಕಡೆ ಫೋಕಸ್ ಮಾಡುವಂಥವು) ನಿಜಕ್ಕೂ ಮೇಲ್ಮಟ್ಟದವು. ಬಹಳ ದೊಡ್ಡ ಪ್ರಿಂಟಿನಲ್ಲಿ, ಅಪರ್ಚರನ್ನು ಒಂದೇ ಸ್ಟಾಪ್ (ಬೆಳಕು ಅರ್ಧವಾಗುವ ಒಂದು ಮೆಟ್ಟಿಲು) ಕಿರಿದು ಮಾಡಿ ಕೆಲಸ ಮಾಡುವಾಗ ಅವುಗಳ ಲಾಭ ಕಾಣುತ್ತದೆ. 8×10ಕ್ಕೆ ಅಷ್ಟು ಹಣ ಸುರಿಯುವ ಬದಲು ಅದರಲ್ಲಿ ಅರ್ಧವನ್ನು ಒಳ್ಳೆಯ ಗ್ರೇನ್ ಫೋಕಸರ್‌ಗೆ (ಫೋಕಸ್ ನೋಡಲು ಚಿತ್ರದ ಗ್ರೇನನ್ನು ದೊಡ್ಡದಾಗಿ ತೋರಿಸುವ ಸಾಧನ) ಹಾಕುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಭಿತ್ತಿಚಿತ್ರದಂಥ ಭಾರಿ ಗಾತ್ರಕ್ಕಾಗಿಯೇ ರೋಡಗಾನ್-ಜಿ ಎಂಬ ಲೆನ್ಸ್ ಇದೆ. ಅದನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದು ಸಣ್ಣ ಪ್ರಿಂಟಿಗೆ ಬಳಸಿದರೆ ಸಾಧಾರಣ ರೋಡಗಾನ್‌ನಷ್ಟೂ ಚೆನ್ನಾಗಿ ಬರುವುದಿಲ್ಲ.

ಕ್ಯಾಮೆರಾ ಲೆನ್ಸನ್ನೇ ಎನ್‌ಲಾರ್ಜರಿಗೆ ಹಾಕಬಹುದೇ ಎಂದು ಕೇಳುವವರಿದ್ದಾರೆ. 39 ಮಿ.ಮೀ. ಮರೆಯ ಕ್ಯಾಮೆರಾ ಲೆನ್ಸ್ ಬೋರ್ಡಿಗೆ ಕೂರುತ್ತದೆ ಎನ್ನುವುದು ನಿಜ. ಆದರೆ ಅದನ್ನು ಮಾಡಿರುವುದು ದೂರದ ವಸ್ತುಗಳಿಗೆ. ಚಪ್ಪಟೆ ಫಿಲ್ಮನ್ನು ಅರ್ಧ ಮೀಟರ್ ದೂರದ ಚಪ್ಪಟೆ ಪೇಪರಿನ ಮೇಲೆ ಬೀಳಿಸುವಾಗ ನಡುವಿಗೂ ಮೂಲೆಗೂ ಒಟ್ಟಿಗೆ ಫೋಕಸ್ ಸಿಗದೆ ಒದ್ದಾಡಬೇಕಾಗುತ್ತದೆ.

ಅಪರ್ಚರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಲೆನ್ಸ್ ಇಟ್ಟುಕೊಂಡೂ ಹೆಚ್ಚು ಜನ ಪ್ರಿಂಟ್ ಕೆಡಿಸಿಕೊಳ್ಳುವುದು ಇಲ್ಲಿ. ಪೂರ್ತಿ ತೆರೆದ ಅಪರ್ಚರ್ ಫೋಕಸ್ ಮಾಡಲು, ಚಿತ್ರ ಹೊಂದಿಸಲು. ಪ್ರಿಂಟ್ ಮಾಡುವುದು ಅದರಿಂದ ಎರಡು ಮೂರು ಸ್ಟಾಪ್ ಕೆಳಗೆ. ಎಫ್/2.8 ಲೆನ್ಸ್‌ಗೆ 5.6 ಅಥವಾ 8, ಎಫ್/4 ಲೆನ್ಸ್‌ಗೆ 8 ಅಥವಾ 11. ಹೊಸಬರು ಡಾಡ್ಜ್, ಬರ್ನ್ (ಪ್ರಿಂಟಿನ ಒಂದು ಭಾಗಕ್ಕೆ ಬೆಳಕು ತಡೆಯುವುದು, ಇಲ್ಲವೇ ಹೆಚ್ಚು ಕೊಡುವುದು) ಮಾಡಲು ಹೆಚ್ಚು ಸಮಯ ಸಿಗಲಿ ಎಂದು ಎಫ್/16ಕ್ಕೆ ಇಳಿಸುತ್ತಾರೆ. ಕಿಂಡಿ ಕಿರಿದಾದಷ್ಟೂ ಬೆಳಕು ಅದರ ಅಂಚಿನಲ್ಲಿ ಚದುರಿ ಪ್ರತಿ ಬಿಂದುವೂ ಒಂದು ಸಣ್ಣ ಚುಕ್ಕೆಯಾಗಿ ಹರಡುತ್ತದೆ. ಲೆನ್ಸ್ ಮೇಲೆ ಬರೆದಿರುವ ಅಂಕಿ ಇಲ್ಲಿ ಪೂರ್ತಿ ನಿಜ ಹೇಳುವುದಿಲ್ಲ. ಹಿಗ್ಗಿಸಿದ ಪಟ್ಟಿಗೆ ಒಂದು ಕೂಡಿಸಿ ಅದರಿಂದ ಗುಣಿಸಿದರೆ ಪೇಪರಿನ ಮಟ್ಟಿಗೆ ಅಪರ್ಚರ್ ಎಷ್ಟು ಎಂದು ತಿಳಿಯುತ್ತದೆ. 8 ಪಟ್ಟು ಹಿಗ್ಗಿಸುವಾಗ ಎಫ್/8 ಎಂಬುದು ಪೇಪರಿಗೆ 72. ಆಗ ಹಸಿರು ಬೆಳಕಿನ ಚುಕ್ಕೆಯ ಅಗಲ ಸುಮಾರು 0.1 ಮಿ.ಮೀ.; ಪ್ರಿಂಟನ್ನು ಕೈಯಲ್ಲಿ ಹಿಡಿದು ನೋಡುವ ದೂರದಲ್ಲಿ ಕಣ್ಣು ಅಷ್ಟನ್ನು ಸಹಿಸುತ್ತದೆ. ಎಫ್/16ಕ್ಕೆ ಇಳಿಸಿದರೆ ಚುಕ್ಕೆ 0.2ರ ಹತ್ತಿರ ಬರುತ್ತದೆ, ಕೂದಲು, ಎಲೆ, ಬಟ್ಟೆಯ ನೇಯ್ಗೆ ಎಲ್ಲ ಮೆತ್ತಗಾಗುತ್ತವೆ. ಜಗತ್ತಿನ ಯಾವ ಲೆನ್ಸೂ ಇದರಿಂದ ಪಾರಾಗಲಾರದು, ಇದು ಬೆಳಕಿನ ಸ್ವಭಾವ. ದೊಡ್ಡ ನೆಗೆಟಿವ್‌ಗೆ ಅಷ್ಟು ಹಿಗ್ಗಿಸಬೇಕಾಗಿಲ್ಲವಾದ್ದರಿಂದ ಇಷ್ಟು ಬಿಗಿ ಇಲ್ಲ. 6×6ರಿಂದ 8 ಇಂಚಿನ ಚೌಕ ಮಾಡಲು 3.6 ಪಟ್ಟು ಸಾಕು, ಅಲ್ಲಿ ಎಫ್/11 ನಿಶ್ಚಿಂತೆಯಿಂದ ಬಳಸಬಹುದು. 4×5ರಿಂದ 8×10 ಮಾಡುವಾಗ ಎಫ್/22ರಲ್ಲೂ ತೊಂದರೆ ಕಾಣುವುದಿಲ್ಲ. 35 ಮಿ.ಮೀ. ಫಿಲ್ಮಿನಿಂದ 16×20 ಇಂಚಿಗೆ ಹೋದರೆ ತದ್ವಿರುದ್ಧ: ಎಫ್/5.6ಕ್ಕೆ ನಿಲ್ಲಬೇಕು. ಸಮಯ ಹೆಚ್ಚು ಬೇಕಿದ್ದರೆ ಕಡಿಮೆ ಶಕ್ತಿಯ ಬಲ್ಬ್ ಹಾಕಿ, ಅಥವಾ ಲೆನ್ಸ್‌ಗಿಂತ ಮೇಲಿನ ಫಿಲ್ಟರ್ ತಟ್ಟೆಯಲ್ಲಿ ಬೂದು ಫಿಲ್ಟರ್ ಇಡಿ. ಅಪರ್ಚರ್ ಮುಟ್ಟಬೇಡಿ.

ಬಳಸಿದ ಲೆನ್ಸನ್ನು ಪರೀಕ್ಷಿಸುವ ರೀತಿ ಹೀಗೆ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಸಣ್ಣ ಎಲ್‌ಇಡಿ ಟಾರ್ಚ್ ಬಿಟ್ಟು, ಮುಂದಿನಿಂದ ನೇರವಾಗಿ ನೋಡದೆ ಓರೆಯಾಗಿ ನೋಡಿ. ನೇರ ನೋಡಿದಾಗ ಫಳಫಳ ಕಾಣುವ ಗಾಜು ಓರೆ ಬೆಳಕಿನಲ್ಲಿ ಹಾಲು ಬಳಿದಂತೆ ಕಂಡರೆ ಅದು ಒಳಗಿನ ಮಸುಕು. ಎನ್‌ಲಾರ್ಜರಿನಲ್ಲಿ ಲೆನ್ಸ್ ಸದಾ ಬಿಸಿ ದೀಪದ ಕೆಳಗಿರುವುದರಿಂದ ಅಪರ್ಚರ್ ಎಲೆಗಳ ಎಣ್ಣೆ ಆವಿಯಾಗಿ ಹತ್ತಿರದ ಗಾಜಿನ ಮೇಲೆ ಕೂರುತ್ತದೆ. ಮಸುಕು ಬಹುಪಾಲು ಅಪರ್ಚರಿನ ಆಚೀಚಿನ ಎರಡು ಮೈಗಳ ಮೇಲೇ ಇರುವುದು ಇದಕ್ಕೇ. ಬಳ್ಳಿಯಂತೆ ಹಬ್ಬಿದ ಎಳೆಗಳು ಕಂಡರೆ ಬೂಷ್ಟು. ಅಂಚಿನಿಂದ ಒಳಕ್ಕೆ ಕಾಮನಬಿಲ್ಲಿನ ಬಣ್ಣದ ಪಟ್ಟೆ ಬಂದಿದ್ದರೆ ಎರಡು ಗಾಜುಗಳನ್ನು ಅಂಟಿಸಿದ ಅಂಟು ಬಿಟ್ಟಿದೆ ಎಂದರ್ಥ. ಅದು ಮನೆಯಲ್ಲಿ ಸರಿಯಾಗುವ ಕೆಲಸವಲ್ಲ, ಅಂಥದ್ದನ್ನು ಬಿಟ್ಟುಬಿಡಿ. ಒಂದೆರಡು ಧೂಳಿನ ಕಣ, ಮುಂದಿನ ಗಾಜಿನ ಮೇಲೆ ಒಂದು ಸಣ್ಣ ಗೀರು, ಇವುಗಳಿಂದ ಪ್ರಿಂಟಿಗೆ ಏನೂ ಆಗುವುದಿಲ್ಲ. ಬಟ್ಟೆಯಿಂದ ಉಜ್ಜಿ ಉಜ್ಜಿ ಬಿದ್ದ ನೂರಾರು ನವಿರು ಗೀರುಗಳು ಒಂದು ದೊಡ್ಡ ಗೀರಿಗಿಂತ ಕೆಟ್ಟವು.

ಮಸುಕನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕ್ಯಾಮೆರಾದಲ್ಲಿ ಚದುರಿದ ಬೆಳಕು ಚಿತ್ರದ ನೆರಳಿನ ಭಾಗಗಳ ಕಪ್ಪನ್ನು ಮಂಕಾಗಿಸುತ್ತದೆ. ಎನ್‌ಲಾರ್ಜರಿನಲ್ಲಿ ಇದು ಉಲ್ಟಾ. ನೆಗೆಟಿವ್‌ನ ತೆಳು ಭಾಗಗಳಿಂದ, ಅಂದರೆ ಪ್ರಿಂಟಿನಲ್ಲಿ ಕಪ್ಪಾಗಬೇಕಾದ ಜಾಗಗಳಿಂದ, ರಾಶಿ ಬೆಳಕು ಬರುತ್ತದೆ. ಅದು ಮಸುಕಿನಲ್ಲಿ ಚದುರಿ ಬಿಳಿಯಾಗಿ ಉಳಿಯಬೇಕಾದ ಜಾಗದ ಮೇಲೆ ಬೀಳುತ್ತದೆ. ಮೋಡ, ಬಿಳಿ ಅಂಗಿ, ಹಣೆಯ ಹೊಳಪು ಎಲ್ಲ ಬೂದಿ ಮೆತ್ತಿದಂತಾಗುತ್ತವೆ. ಮುದ್ರಿಸುವವರು ಕಾಂಟ್ರಾಸ್ಟ್ ಸಾಲದು ಎಂದುಕೊಂಡು ಒಂದು ಗ್ರೇಡ್ ಏರಿಸುತ್ತಾರೆ, ಆಗ ನೆರಳಿನ ಭಾಗದ ವಿವರ ಮುಚ್ಚಿಹೋಗುತ್ತದೆ. ಕೊನೆಗೆ ಪೇಪರ್ ಹಳತಾಗಿದೆ, ಡೆವಲಪರ್ ಸತ್ತಿದೆ ಎಂದು ಡಬ್ಬಿ ಬದಲಿಸುತ್ತಾರೆ.

ಇದನ್ನು ಪತ್ತೆ ಮಾಡಲು ಒಂದೆರಡು ನಾಣ್ಯ ಸಾಕು. ನೆಗೆಟಿವ್ ಇಲ್ಲದ ಖಾಲಿ ಗಾಜಿನ ಕ್ಯಾರಿಯರ್ (ನೆಗೆಟಿವ್ ಹಿಡಿಯುವ ಚೌಕಟ್ಟು) ನಡುವೆ ಫ್ರೇಮಿನೊಳಗೆ ಕೂರುವಷ್ಟು ಚಿಕ್ಕ ನಾಣ್ಯ, ಇಲ್ಲವೇ ಕಪ್ಪು ರಟ್ಟಿನ ಬಿಲ್ಲೆ ಇಡಿ, 35 ಮಿ.ಮೀ. ಕ್ಯಾರಿಯರಿಗೆ 10 ಮಿ.ಮೀ. ಅಗಲದ ಬಿಲ್ಲೆ ಸರಿ. ಅದರ ನೆರಳು ಪೇಪರಿನ ಮೇಲೆ ಬೀಳಲಿ. ಆ ನೆರಳಿನೊಳಗೇ, ಪೇಪರಿನ ಮೇಲೆ, ಇನ್ನೊಂದು ನಾಣ್ಯ ಇಡಿ. ಪೇಪರ್ ಪೂರ್ತಿ ಕಪ್ಪಾಗಲು ಎಷ್ಟು ಹೊತ್ತು ಬೇಕೆಂದು ಮೊದಲೇ ಒಂದು ಪೇಪರ್ ಪಟ್ಟಿಗೆ ಬೇರೆ ಬೇರೆ ಹೊತ್ತು ಬೆಳಕು ಕೊಟ್ಟು ತಿಳಿದುಕೊಂಡಿರಬೇಕು. ಅದರ ನಾಲ್ಕು ಪಟ್ಟು ಹೊತ್ತು ಬೆಳಕು ಕೊಟ್ಟು ಡೆವಲಪ್ ಮಾಡಿ. ಪೇಪರಿನ ಮೇಲೆ ಇಟ್ಟ ನಾಣ್ಯದ ಜಾಗ ಅಪ್ಪಟ ಬಿಳಿ ಇರುತ್ತದೆ. ಸುತ್ತಲಿನ ನೆರಳೂ ಅಷ್ಟೇ ಬಿಳಿಯಾಗಿದ್ದರೆ ಲೆನ್ಸ್ ಶುಭ್ರ. ಬೂದು ಬಣ್ಣ ಬಂದಿದ್ದರೆ ಎಲ್ಲಿಂದಲೋ ಬೆಳಕು ಸೋರುತ್ತಿದೆ. ಲೆನ್ಸ್‌ಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತು ದೀಪ ಹಚ್ಚಿ ಮತ್ತೊಂದು ಪೇಪರ್ ಇಟ್ಟು ನೋಡಿ. ಆಗಲೂ ಬೂದು ಬಂದರೆ ತಪ್ಪು ಎನ್‌ಲಾರ್ಜರಿನ ತಲೆಯದ್ದು. ಕೆಲವು ಲೆನ್ಸ್‌ಗಳಲ್ಲಿ ಅಪರ್ಚರ್ ಅಂಕಿ ಕತ್ತಲಲ್ಲಿ ಕಾಣಲೆಂದು ದೀಪದ ಬೆಳಕನ್ನೇ ಒಂದು ಸಣ್ಣ ಕಿಟಕಿಗೆ ತರುವ ದಾರಿ ಮಾಡಿರುತ್ತಾರೆ, ಅಲ್ಲಿಂದಲೂ ಪೇಪರಿಗೆ ಬೆಳಕು ಬೀಳುವುದುಂಟು. ಅದನ್ನು ಕಪ್ಪು ಟೇಪಿನಿಂದ ಮುಚ್ಚಿದರಾಯಿತು. ಕಂಬದ ಹಿಂದಿನ ಗೋಡೆ ಬಿಳಿ ಇದ್ದರೆ ಅದಕ್ಕೊಂದು ಕಪ್ಪು ಹಾಳೆ ಬೇಕು. ಕ್ಯಾರಿಯರ್ ಕಿಂಡಿ ಚಿತ್ರಕ್ಕಿಂತ ದೊಡ್ಡದಿದ್ದು ಫಿಲ್ಮಿನ ತೂತುಗಳಿಂದ ಬೆಳಕು ನುಗ್ಗುತ್ತಿದ್ದರೆ ಶುಭ್ರವಾದ ಲೆನ್ಸಿನಲ್ಲೂ ಬಿಳುಪು ಮಂಕಾಗುತ್ತದೆ, ಆ ಅಂಚುಗಳನ್ನು ಕಪ್ಪು ಕಾಗದದಿಂದ ಮರೆಮಾಡಿ.

ಆರು ಗಾಜಿನ ಹೆಚ್ಚಿನ ಲೆನ್ಸ್‌ಗಳಲ್ಲಿ ಮುಂದಿನ ಮತ್ತು ಹಿಂದಿನ ಗುಂಪನ್ನು ಕೈಯಿಂದ, ಹಿಡಿತಕ್ಕೆ ರಬ್ಬರ್ ತುಂಡು ಒತ್ತಿ, ತಿರುಗಿಸಿ ಬಿಚ್ಚಬಹುದು. ಒಳಗಿನ ಮಸುಕನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಲೆನ್ಸ್ ಕಾಗದದಿಂದ ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿ. ದ್ರವವನ್ನು ಗಾಜಿನ ಮೇಲೆ ಹನಿಸಬೇಡಿ. ಅಂಚಿನಲ್ಲಿ ಒಳಗಿಳಿದರೆ ಕಪ್ಪು ಬಣ್ಣ ಕರಗುತ್ತದೆ. ಬಿಚ್ಚುವಾಗ ತೆಳು ಲೋಹದ ಬಳೆ ಬಿದ್ದರೆ ಅದನ್ನು ಅದೇ ಜಾಗಕ್ಕೆ, ಅದೇ ಬದಿಗೆ ಹಾಕಬೇಕು. ಗುಂಪುಗಳ ನಡುವಿನ ಅಂತರ ಹೊಂದಿಸಲು ಕಾರ್ಖಾನೆಯಲ್ಲೇ ಇಟ್ಟದ್ದು ಅದು. ಒಂದೊಂದು ಗುಂಪಿನೊಳಗಿನ ಗಾಜುಗಳನ್ನು ಬಿಡಿಸಲು ಹೋಗಬೇಡಿ.

ಲೆನ್ಸ್ ಚೆನ್ನಾಗಿದೆಯೇ ಎಂದು ತೀರ್ಮಾನಿಸುವ ಮೊದಲು ಎನ್‌ಲಾರ್ಜರ್ ನೆಟ್ಟಗಿದೆಯೇ ಎಂದು ನೋಡಬೇಕು. ಫಿಲ್ಮ್, ಲೆನ್ಸ್, ಪೇಪರ್ ಮೂರೂ ಒಂದಕ್ಕೊಂದು ಸಮಾಂತರವಾಗಿರದಿದ್ದರೆ ಅತ್ಯುತ್ತಮ ಲೆನ್ಸೂ ಕೆಟ್ಟ ಲೆನ್ಸಿನಂತೆ ವರ್ತಿಸುತ್ತದೆ. ಪರೀಕ್ಷೆಗೆ ಬೇಕಾದ ನೆಗೆಟಿವ್ ಪುಕ್ಕಟೆ ಸಿಗುತ್ತದೆ. ಫಿಲ್ಮಿನ ಮೊದಲ ತುದಿ, ಬೆಳಕು ಬಿದ್ದು ಪೂರ್ತಿ ಕಪ್ಪಾದ ಭಾಗ, ಡೆವಲಪ್ ಆದಮೇಲೆ ಎಸೆಯಬೇಡಿ. ಅದರ ಮಸಾಲೆ (ಎಮಲ್ಶನ್) ಬಳಿದ ಬದಿಯಲ್ಲಿ ಸೂಜಿಯಿಂದ ನಡುವೆ ಒಂದು, ನಾಲ್ಕು ಮೂಲೆಗಳಲ್ಲಿ ಒಂದೊಂದು ಕತ್ತರಿ ಗುರುತು ಗೀಚಿ. ಗೀರಿನ ಅಂಚು ಸವೆದು ಚೂರುಚೂರಾಗಿರುತ್ತದೆ, ಫೋಕಸ್ ನೋಡಲು ಅದಕ್ಕಿಂತ ಒಳ್ಳೆಯ ಗುರುತಿಲ್ಲ. ಗಾಜಿನ ಕ್ಯಾರಿಯರಿನಲ್ಲಿ ಇಟ್ಟು 10 ಪಟ್ಟು ಹಿಗ್ಗಿಸಿ, ಅಪರ್ಚರ್ ಪೂರ್ತಿ ತೆರೆದು, ನಡುವಿನ ಗುರುತಿಗೆ ಗ್ರೇನ್ ಫೋಕಸರ್ ಇಟ್ಟು ಫೋಕಸ್ ಮಾಡಿ. ನಂತರ ಅಪರ್ಚರ್ ಇಳಿಸುತ್ತ ಪ್ರಿಂಟ್ ತೆಗೆಯಿರಿ: ಎಫ್/2.8ರಲ್ಲಿ 2 ಸೆಕೆಂಡ್ ಆದರೆ 5.6ಕ್ಕೆ 8, ಎಫ್/8ಕ್ಕೆ 16, ಎಫ್/16ಕ್ಕೆ 64. ಹಿಂದುಗಡೆ ಪೆನ್ಸಿಲ್‌ನಿಂದ ಅಪರ್ಚರ್ ಬರೆಯಲು, ಯಾವ ಅಂಚು ಕಂಬದ ಕಡೆಗಿತ್ತು ಎಂದು ಗುರುತು ಹಾಕಲು ಮರೆಯಬೇಡಿ.

ಈ ಪ್ರಿಂಟುಗಳನ್ನು ಭೂತಗನ್ನಡಿ ಹಿಡಿದು ಓದಬೇಕು. ಒಂದು ಬದಿಯ ಎರಡು ಮೂಲೆ ಚೂಪು, ಎದುರು ಬದಿಯ ಎರಡು ಮೆತ್ತಗೆ ಎಂದಾದರೆ ಎನ್‌ಲಾರ್ಜರ್ ಓರೆಯಾಗಿದೆ, ಲೆನ್ಸಿನ ತಪ್ಪಿಲ್ಲ. ನಾಲ್ಕೂ ಮೂಲೆ ಒಂದೇ ತೆರನಾಗಿ ಮೆತ್ತಗಿದ್ದು ಎಫ್/5.6ಕ್ಕೆ ಬರುವಷ್ಟರಲ್ಲಿ ಸರಿಹೋದರೆ ಅದು ಲೆನ್ಸಿನ ಸಹಜ ಗುಣ. ಎಫ್/8ರಲ್ಲೂ ಸರಿಹೋಗದಿದ್ದರೆ ಆ ಲೆನ್ಸ್ ಆ ಗಾತ್ರಕ್ಕೆ ಸಾಲದು. ಒಂದೇ ಒಂದು ಮೂಲೆ ಕೆಟ್ಟಿದ್ದರೆ ಲೆನ್ಸನ್ನು ಅರ್ಧ ಸುತ್ತು ಬಿಚ್ಚಿ, ಮತ್ತೆ ಫೋಕಸ್ ಮಾಡಿ ಇನ್ನೊಂದು ಪ್ರಿಂಟ್ ತೆಗೆಯಿರಿ. ಕೆಟ್ಟ ಮೂಲೆ ಎದುರು ಬದಿಗೆ ಹೋದರೆ ಒಳಗಿನ ಗಾಜು ಜರುಗಿದೆ, ಎಂದೋ ಒಮ್ಮೆ ಲೆನ್ಸ್ ಕೆಳಗೆ ಬಿದ್ದಿರಬೇಕು. ಮೂಲೆ ಅಲ್ಲೇ ಉಳಿದರೆ ಓರೆ ಇರುವುದು ಬೋರ್ಡಿನಲ್ಲೋ ಕ್ಯಾರಿಯರಿನಲ್ಲೋ.

ಓರೆ ತೆಗೆಯಲು ಸ್ಪಿರಿಟ್ ಲೆವೆಲ್ ಮೊದಲ ಹಂತಕ್ಕೆ ಸಾಕು: ಕೆಳಗಿನ ಹಲಗೆ, ಕ್ಯಾರಿಯರ್ ಜಾಗ, ಲೆನ್ಸ್ ಬೋರ್ಡ್ ಮೂರರ ಮೇಲೂ ಎರಡೆರಡು ದಿಕ್ಕಿಗೆ ಇಟ್ಟು ನೋಡುವುದು. ಇನ್ನೂ ನಿಖರ ಬೇಕಾದರೆ ಎರಡು ಕನ್ನಡಿ. ಹಲಗೆಯ ಮೇಲೆ ಒಂದು. ಇನ್ನೊಂದರ ನಡುವೆ ರಸ ಕೆರೆದು ಸಣ್ಣ ಕಿಂಡಿ ಮಾಡಿ, ಮುಖ ಕೆಳಗಾಗಿ ಲೆನ್ಸ್ ಬೋರ್ಡಿಗೆ ಒತ್ತಿ ಹಿಡಿದು, ಕಿಂಡಿಯಿಂದ ಇಣುಕಿ. ಒಂದರೊಳಗೊಂದು ಬಿಂಬಗಳು ಒಂದೇ ಕೇಂದ್ರಕ್ಕೆ ನಿಂತರೆ ಎರಡೂ ಸಮಾಂತರ, ಪಕ್ಕಕ್ಕೆ ಬಾಗುತ್ತ ಹೋದರೆ ಆ ಕಡೆಗೆ ಓರೆ. ಬೋರ್ಡಿನ ಒಂದು ಬದಿಗೆ ತೆಳು ಹಾಳೆ ಸೇರಿಸಿ ಸರಿಮಾಡಬಹುದು.

ಫೋಕಸ್ ವಿಷಯದಲ್ಲಿ ಒಂದು ಲೆಕ್ಕ ಹೇಳಲೇಬೇಕು. ಗ್ರೇನ್ ಫೋಕಸರ್ ಕೆಳಗೆ ಪೇಪರಿನ ದಪ್ಪದ ತುಂಡು ಇಡಬೇಕೋ ಬೇಡವೋ ಎಂಬ ಚರ್ಚೆ ಬಹಳ. 8.5 ಪಟ್ಟಿನಲ್ಲಿ, ಎಫ್/8ರಲ್ಲಿ, ಪೇಪರ್ ಏಳೂವರೆ ಮಿ.ಮೀ. ಮೇಲೆ ಕೆಳಗೆ ಆದರೂ ಚುಕ್ಕೆ 0.1 ಮಿ.ಮೀ. ದಾಟುವುದಿಲ್ಲ, ಪೂರ್ತಿ ತೆರೆದ ಎಫ್/2.8ರಲ್ಲೂ ಎರಡೂವರೆ ಮಿ.ಮೀ. ಸಡಿಲ ಇದೆ. ಕಾಲು ಮಿ.ಮೀ. ಪೇಪರ್ ದಪ್ಪಕ್ಕೆ ಚಿಂತೆ ಬೇಡ. ಅದೇ ಫಿಲ್ಮಿನ ಕಡೆ ಎಫ್/8ರಲ್ಲಿ ಸಿಗುವ ಸಡಿಲ 0.1 ಮಿ.ಮೀ., ಫಿಲ್ಮಿನ ದಪ್ಪಕ್ಕಿಂತ ಕಮ್ಮಿ, ಎಫ್/2.8ರಲ್ಲಿ 0.04. ದೀಪದ ಬಿಸಿಗೆ ಗಾಜಿಲ್ಲದ ಕ್ಯಾರಿಯರಿನಲ್ಲಿ ಫಿಲ್ಮ್ ಉಬ್ಬಿದರೆ ಈ ಮಿತಿ ಸಲೀಸಾಗಿ ದಾಟುತ್ತದೆ. ಫೋಕಸ್ ಮಾಡುವಾಗ ತಣ್ಣಗಿದ್ದ ಫಿಲ್ಮ್ ಎಕ್ಸ್‌ಪೋಶರ್ ನಡುವೆ ಉಬ್ಬಿ ನಡುಭಾಗ ಮೆತ್ತಗಾಗುತ್ತದೆ. ಇದಕ್ಕೆ ಗಾಜಿನ ಕ್ಯಾರಿಯರೇ ಮದ್ದು. ಫಿಲ್ಮಿನ ನುಣುಪು ಬೆನ್ನಿಗೆ ತಾಗುವ ಮೇಲಿನ ಗಾಜು ನ್ಯೂಟನ್ ಉಂಗುರ (ಎರಡು ನುಣುಪು ಮೈ ತಾಗಿದಲ್ಲಿ ಮೂಡುವ ಬಳೆಯಂಥ ಗೆರೆಗಳು) ಬಾರದಂತೆ ಸಣ್ಣಗೆ ತರಿ ಮಾಡಿದ್ದಿರಬೇಕು. ಗಾಜು ಹಾಕಲಾಗದವರು ದೀಪ ಹಚ್ಚಿ ಒಂದು ನಿಮಿಷ ಬಿಟ್ಟು, ಫಿಲ್ಮ್ ಬಿಸಿಯಾದಮೇಲೆ ಫೋಕಸ್ ಮಾಡಿ, ತಡಮಾಡದೆ ಪ್ರಿಂಟ್ ತೆಗೆಯಬೇಕು. ಮೂರು, ನಾಲ್ಕು ಗಾಜಿನ ಹಳೆಯ ಲೆನ್ಸ್‌ಗಳಲ್ಲಿ ಅಪರ್ಚರ್ ಕಿರಿದು ಮಾಡಿದಾಗ ಫೋಕಸ್ಸೇ ತುಸು ಜರುಗುವುದೂ ಉಂಟು. ಅಂಥವುಗಳಲ್ಲಿ ಬೆಳಕು ಕಮ್ಮಿಯಾದರೂ ಪ್ರಿಂಟ್ ಮಾಡುವ ಅಪರ್ಚರಿನಲ್ಲೇ ಕೊನೆಯ ಫೋಕಸ್ ನೋಡಿಕೊಳ್ಳಿ.

ಮಲ್ಟಿಗ್ರೇಡ್ ಪೇಪರ್ (ಫಿಲ್ಟರ್ ಬದಲಿಸಿ ಕಾಂಟ್ರಾಸ್ಟ್ ಬದಲಿಸಬಹುದಾದ ಪೇಪರ್) ಬಳಸುವವರಿಗೆ ಇನ್ನೊಂದು ಮಾತು. ಮೆದು ಗ್ರೇಡಿಗೆ ಹಸಿರು ಬೆಳಕು, ಗಡಸು ಗ್ರೇಡಿಗೆ ನೀಲಿ ಬೆಳಕು ಕೆಲಸ ಮಾಡುತ್ತದೆ. ಎರಡನ್ನೂ ಒಂದೇ ಕಡೆ ಫೋಕಸ್ ಮಾಡಲಾರದ ಹಳೆಯ ಲೆನ್ಸಿನಲ್ಲಿ ಎರಡು ಫಿಲ್ಟರ್ ಬಳಸಿ ಒಂದೇ ಪ್ರಿಂಟ್ ಮಾಡಿದರೆ ಅಂಚುಗಳು ಎರಡೆರಡಾಗಿ ಕಾಣುತ್ತವೆ. ಲೆನ್ಸಿನ ಕೆಳಗೆ ಹಿಡಿಯುವ ಫಿಲ್ಟರ್ ಗೀರು, ಬೆರಳಚ್ಚು ಇಲ್ಲದೆ ಲೆನ್ಸಿನಷ್ಟೇ ಚೊಕ್ಕಟವಾಗಿರಬೇಕು; ಮೇಲಿನ ತಟ್ಟೆಯಲ್ಲಿ ಇಡುವ ಫಿಲ್ಟರಿಗೆ ಆ ಕಟ್ಟುಪಾಡಿಲ್ಲ.

ಅಪರ್ಚರ್ ಬಳೆಯ ಕ್ಲಿಕ್ ಗಟ್ಟಿಯಾಗಿರಲಿ. ಕತ್ತಲಲ್ಲಿ ಪೂರ್ತಿ ತೆರೆದ ಕಡೆಯಿಂದ ಕ್ಲಿಕ್ ಎಣಿಸಿಯೇ ಅಪರ್ಚರ್ ಇಡುವುದು. ಸವೆದು ಜಾರುವ ಬಳೆಯಲ್ಲಿ ಒಂದು ಪ್ರಿಂಟಿಗೂ ಇನ್ನೊಂದಕ್ಕೂ ಕಪ್ಪು ಬದಲಾಗುತ್ತದೆ. ಕೆಲಸ ಮುಗಿದಮೇಲೆ ಲೆನ್ಸನ್ನು ಎನ್‌ಲಾರ್ಜರಿನಲ್ಲೇ ಬಿಡುವವರು ಖಾಲಿ ಕ್ಯಾರಿಯರನ್ನು ತೆಗೆಯದೆ ಇಟ್ಟು, ಮೇಲೊಂದು ಹೊದಿಕೆ ಹಾಕಬೇಕು. ಮೇಲಿನಿಂದ ಬೀಳುವ ಧೂಳೆಲ್ಲ ಲೆನ್ಸಿನ ಹಿಂದಿನ ಗಾಜಿನ ಮೇಲೆ ಕೂರುತ್ತದೆ. ತೇವವಿರುವ ಕೋಣೆಯಾದರೆ ಲೆನ್ಸ್ ಬಿಚ್ಚಿ, ಎರಡೂ ಕಡೆ ಮುಚ್ಚಳ ಹಾಕಿ, ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಯಲ್ಲಿಡಿ. ಚರ್ಮದ ಚೀಲದಲ್ಲಿ ಬೇಡ, ಬೂಷ್ಟು ಮೊದಲು ಹಿಡಿಯುವುದು ಚರ್ಮಕ್ಕೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ